ಈ ಫಂಡ್‌ರೈಸರ್ ಅಂದರೆ ಯಾರು ಸ್ವಾಮಿ?

ನಿನ್ನೆ ರಾತ್ರಿ ನಮ್ಮ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಸಂಗೀತ ಕಾರ್ಯಕ್ರಮಕ್ಕೆ ಹೋಗಿದ್ದೆ. ಫ್ಲೆಕ್ಸಿನ ಮೇಲೆ 'ಮೆಗಾ ಫಂಡ್‌ರೈಸರ್' ಅಂತ ಬರೆದಿತ್ತು. ಕೆಳಗೆ ಕಿಡ್ನಿ ಹೋದ ಹುಡುಗನ ಫೋಟೋ, ಅದಕ್ಕಿಂತ ದೊಡ್ಡದಾಗಿ ಅತಿಥಿಗಳದ್ದು. ಎಲ್‌ಇಡಿ ಪರದೆ, ಎದೆ ನಡುಗುವ ಸೌಂಡು, ಶಾಲು, ಹಣ್ಣುಬುಟ್ಟಿ, ಸ್ಮರಣಿಕೆ. ಸ್ಮರಣಿಕೆ ಯಾರಿಗೆ ಅಂತ ಕೇಳಬೇಡಿ, ನೀವೂ ಈ ಊರಿನವರೇ.

ಮುಗಿದ ಮೇಲೆ ಸಂಘಟಕರಲ್ಲಿ ಒಬ್ಬರ ಹತ್ತಿರ ಕೇಳಿದೆ, "ಒಟ್ಟು ಎಷ್ಟಾಯ್ತು?"

"ಒಳ್ಳೆ ರೆಸ್ಪಾನ್ಸ್ ಉಂಟು ಮಾರಾಯ್ರೆ."

"ಖರ್ಚು?"

"ಅದೆಲ್ಲ ಫಂಡ್‌ರೈಸರ್ ನೋಡಿಕೊಳ್ತಾರೆ."

ಯಾವ ಫಂಡ್‌ರೈಸರ್? ಕಾರ್ಯಕ್ರಮವೂ ಫಂಡ್‌ರೈಸರ್, ದುಡ್ಡು ಎತ್ತುವ ಮನುಷ್ಯನೂ ಫಂಡ್‌ರೈಸರ್, ವಾಟ್ಸಾಪಿಗೆ ಬಂದು ಬೀಳುವ ಲಿಂಕೂ ಫಂಡ್‌ರೈಸರ್. ಇಂಗ್ಲಿಷಿನವರೂ ಹಾಗೆಯೇ ಹೇಳುತ್ತಾರೆ, ಅದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಮಾತ್ರ ಅದು ತಪ್ಪಿಸಿಕೊಳ್ಳಲಿಕ್ಕೆ ಒಳ್ಳೆ ದಾರಿಯಾಗಿದೆ. ಲೆಕ್ಕ ಕೇಳಿದರೆ ಒಬ್ಬ ಇನ್ನೊಬ್ಬನನ್ನು ತೋರಿಸುತ್ತಾನೆ, ಅವನು ಲಿಂಕ್ ತೋರಿಸುತ್ತಾನೆ, ಲಿಂಕ್ ಒತ್ತಿದರೆ ಅಲ್ಲಿ 'ಟಿಪ್' ಅಂತ ಆ್ಯಪಿನವರದ್ದು ಶೇಕಡಾವಾರು ಮೊದಲೇ ತುಂಬಿಸಿಟ್ಟಿರುತ್ತದೆ. ರೋಗಿಗೆ ಕೊಡುವ ದುಡ್ಡಿಗೂ ಟಿಪ್ಪು!

ನಮ್ಮ ಕಡೆ 'ಸಹಾಯಾರ್ಥ ಆಟ', ಅಂದರೆ ಯಾರಿಗಾದರೂ ನೆರವಾಗಲು ಆಡಿಸುವ ಯಕ್ಷಗಾನ ಎಂದರೆ ಟಿಕೆಟಿಗೆ ನಂಬರು, ರಶೀದಿಗೆ ಅಡಿಪ್ರತಿ. ಮೇಳಕ್ಕೆ ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಅಂತ ಮರುವಾರ ಚಾ ಅಂಗಡಿಯಲ್ಲಿ ಕೂತವರಿಗೂ ಗೊತ್ತು. ದೇವಸ್ಥಾನದ ಬ್ರಹ್ಮಕಲಶ ಮುಗಿದರೆ ಲೆಕ್ಕಪತ್ರ ಮಂಡನೆಗೆ ಅಂತಲೇ ಒಂದು ಸಭೆ, ಅಲ್ಲಿ ಶಾಮಿಯಾನದ ಬಾಡಿಗೆಯ ಬಗ್ಗೆ ಅರ್ಧ ಗಂಟೆ ಜಗಳ. ನನಗೆ ಆ ಜಗಳ ತುಂಬ ಇಷ್ಟ. ಕೇರಳದ ವಡಗರದ ಕಡೆ ಕಷ್ಟಕ್ಕೆ ಊರವರು ಸೇರಿ ದುಡ್ಡು ಕೊಡುವ ಪಣಂಪಯಟ್ಟಿನಲ್ಲಿ ಯಾರು ಎಷ್ಟು ಕೊಟ್ಟರು ಎಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಸರದಿ ಬಂದಾಗ ಸೇರಿಸಿ ಮರಳಿಸುತ್ತಾರೆ. ಬಿರಿಯಾಣಿ ಮಾರಿ ದುಡ್ಡು ಎತ್ತುವ ಬಿರಿಯಾಣಿ ಚಾಲೆಂಜನ್ನೂ ನಾನು ಒಪ್ಪುತ್ತೇನೆ. ಪೊಟ್ಟಣಕ್ಕೆ ಇಷ್ಟು, ಪೊಟ್ಟಣ ಇಷ್ಟು, ಗುಣಿಸಲಿಕ್ಕೆ ಮೂರನೇ ಕ್ಲಾಸಿನ ಮಗು ಸಾಕು. ಮೇಲಿಂದ ಊಟವೂ ಆಯಿತು.

"ಹೀಗೆ ಲೆಕ್ಕ ಕೇಳಿದರೆ ನಾಳೆ ಯಾರೂ ಮುಂದೆ ಬರ್ಲಿಕ್ಕಿಲ್ಲ" ಅಂತ ಒಬ್ಬರು ಆಗಲೇ ಇನ್‌ಬಾಕ್ಸಿಗೆ ಬಂದು ಬುದ್ಧಿ ಹೇಳಿದ್ದಾರೆ. ಹೌದಾ? 2021ರಲ್ಲಿ ಕಣ್ಣೂರಿನ ಮಾಟ್ಟೂಲಿನ ಮಗುವಿನ ಔಷಧಕ್ಕೆ 18 ಕೋಟಿ ಬೇಕಿತ್ತು. ಕೆಲವೇ ದಿನಗಳಲ್ಲಿ ಅಷ್ಟಾಯಿತು, ಸಾಕು ಕಳಿಸಬೇಡಿ ಎಂದರು, ಆದರೂ 46 ಕೋಟಿ ದಾಟಿತು. ಬಂದದ್ದೆಷ್ಟು ಎಂದು ಆಮೇಲೆ ಲೆಕ್ಕವನ್ನೂ ಎದುರಿಗಿಟ್ಟರು. ಅದೇ ವರ್ಷ ಕೇರಳ ಹೈಕೋರ್ಟೂ ಇಂಥ ಹಣ ಸಂಗ್ರಹದ ಮೇಲೆ ಸರಕಾರದ ಕಣ್ಣಿರಬೇಕು ಎಂದಿತು. ಕೋರ್ಟಿಗೆ ಹೋಗಿ ಹೇಳಿ, ಮುಂದೆ ಬರ್ಲಿಕ್ಕಿಲ್ಲ ಅಂತ.

ನನಗೆ ಇಷ್ಟು ಸಿಟ್ಟು ಎಂತಕ್ಕೆ ಅಂದರೆ, ಅಪ್ಪನ ಆಪರೇಷನ್ನಿಗೆ ನಮ್ಮ ಮನೆಗೂ ಊರವರು ದುಡ್ಡು ಸೇರಿಸಿದ್ದಾರೆ. ಹಳಬರಿಗೆ ಗೊತ್ತು, ಹೊಸಬರಿಗೆ ಹೇಳಿರಲಿಲ್ಲ. ಇಲ್ಲಿ ಕಾಯಿಲೆ ಸ್ವಲ್ಪ ಜೋರಾದರೆ ಮಂಗಳೂರೇ ಗತಿ. 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಹೋದದ್ದನ್ನು ನಾವು ಮರೆತಿಲ್ಲ. ಅಪ್ಪನ ಸಲ ಎರಡು ಗೆರೆಯ ನೋಟುಪುಸ್ತಕ ಹಿಡಿದು ಮನೆ ಮನೆಗೆ ಹೋದ ಮಾಷ್ಟ್ರು ಕೊನೆಗೆ ಪುಸ್ತಕವನ್ನೇ ಅಮ್ಮನ ಕೈಯಲ್ಲಿಟ್ಟರು. ಐವತ್ತು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿತ್ತು. ಅವರ ಮನೆಯಲ್ಲಿ ಮದುವೆ ಎಂದರೆ ಅಮ್ಮ ಮೊದಲು ಆ ಪುಸ್ತಕ ತೆಗೆಯುತ್ತಿದ್ದರು. ಅಪ್ಪನ ಫೋಟೋ ಯಾವ ಫ್ಲೆಕ್ಸಿನಲ್ಲೂ ನೇತಾಡಲಿಲ್ಲ, ಯಾರಿಗೂ ಶಾಲೂ ಹಾಕಲಿಲ್ಲ.

ನಿನ್ನೆ ಆ ಹುಡುಗನ ಅಮ್ಮನನ್ನು ವೇದಿಕೆಗೆ ಕರೆದು ಮೈಕ್ ಹಿಡಿಸಿದರು. ಅತ್ತರು. ಕ್ಯಾಮೆರಾದವ ಹತ್ತಿರ ಹೋದ. ಅವರಿಗೆ ಒಟ್ಟು ಎಷ್ಟಾಯಿತು ಎಂದು ಯಾರಾದರೂ ಹೇಳಿದರಾ? ಕೇಳುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ಅದಕ್ಕೇ ನಾವು ಕೇಳಬೇಕಾದ್ದು.

ಇನ್ನು, "ನೀವೆಷ್ಟು ಕೊಟ್ಟಿರಿ?" ಅಂತ ಕಮೆಂಟ್ ಹಾಕಲು ತಯಾರಾಗಿ ನಿಂತವರಿಗೆ: ಕೊಟ್ಟಿದ್ದೇನೆ. ರಶೀದಿ ತೋರಿಸಿ ಅಂತ ಮಾತ್ರ ಹೇಳಬೇಡಿ. ನಿಮ್ಮವರು ಕೊಟ್ಟರೆ ಅಲ್ವಾ ತೋರಿಸುವುದು.