ರೋಸಾ ಪಾರ್ಕ್ಸ್ ದಣಿದ ಅಜ್ಜಿಯಲ್ಲ, ಆ ಬಸ್ಸಿನ ಕತೆ ಅವರೊಬ್ಬರದ್ದೂ ಅಲ್ಲ

ಡಿಸೆಂಬರ್ ಬಂತೆಂದರೆ ಒಂದು ಫಾರ್ವರ್ಡ್ ತಪ್ಪದೆ ಬರುತ್ತದೆ. ಅಮೆರಿಕದ ಒಂದೂರು, ವಯಸ್ಸಾದ ಒಬ್ಬ ಕಪ್ಪು ಹೆಂಗಸು, ಹೊಲಿಗೆ ಕೆಲಸ ಮಾಡಿ ಮಾಡಿ ಕಾಲು ಸೋತಿತ್ತು, ಬಸ್ಸಿನಲ್ಲಿ ಬಿಳಿಯರ ಸೀಟಿನಲ್ಲಿ ಕೂತುಬಿಟ್ಟರು, ಏಳು ಅಂದರೂ ಏಳಲಿಲ್ಲ, ದೇಶವೇ ಬದಲಾಯಿತು. ಓದೋಕೆ ಚೆನ್ನಾಗಿದೆ. ಆದರೆ ಅರ್ಧಕ್ಕರ್ಧ ತಪ್ಪು. ಬರೀ ತಪ್ಪಾಗಿದ್ದರೆ ಸುಮ್ನೆ ಬಿಡಬಹುದಿತ್ತು. ಈ ಕತೆ ಒಂದಿಷ್ಟು ಹೆಂಗಸರ ವರ್ಷಗಟ್ಟಲೆಯ ದುಡಿಮೆಯನ್ನು ನುಂಗಿ ನೀರು ಕುಡಿದಿದೆ, ನನಗೆ ಸಿಟ್ಟು ಬರುವುದು ಅದಕ್ಕೆ.

1955ರ ಡಿಸೆಂಬರ್ 1, ಅಲಬಾಮಾದ ಮಾಂಟ್ಗೊಮರಿ. ರೋಸಾ ಪಾರ್ಕ್ಸ್‌ಗೆ ಆಗ 42 ವರ್ಷ, ಅಜ್ಜಿಯಲ್ಲ. ಅವರು ಕೂತಿದ್ದು ಬಿಳಿಯರ ಸೀಟಿನಲ್ಲೂ ಅಲ್ಲ. ಮುಂದಿನ 10 ಸೀಟು ಬಿಳಿಯರಿಗೆ, ಅದರ ಹಿಂದಿನ ಸಾಲಿನಲ್ಲಿ ಇವರಿದ್ದರು. ಒಬ್ಬನೇ ಒಬ್ಬ ಬಿಳಿಯನಿಗೆ ಸೀಟು ಸಿಗಲಿಲ್ಲ ಅಂತ ಡ್ರೈವರ್ ಆ ಸಾಲಿನ ನಾಲ್ಕೂ ಜನರನ್ನು ಏಳಲು ಹೇಳಿದ, ಯಾಕೆಂದರೆ ಬಿಳಿಯ ಕೂತ ಸಾಲಿನಲ್ಲಿ ಕಪ್ಪು ಜನ ಕೂರುವ ಹಾಗಿರಲಿಲ್ಲ. ಮೂವರು ಎದ್ದರು. ಪಾರ್ಕ್ಸ್ ಎದ್ದವನಿಗೆ ದಾರಿ ಬಿಟ್ಟು, ಕಿಟಕಿ ಪಕ್ಕಕ್ಕೆ ಸರಿದು ಕೂತರು, ಪೊಲೀಸರು ಬಂದು ಬಂಧಿಸಿದರು. ಇದೇ ಡ್ರೈವರ್ 1943ರಲ್ಲಿ ಅವರನ್ನು ಬಸ್ಸಿನಿಂದ ಇಳಿಸಿದ್ದ. ಮೈ ಏನೂ ದಣಿದಿರಲಿಲ್ಲ, ತಗ್ಗಿ ತಗ್ಗಿ ಸಾಕಾಗಿತ್ತು ಎಂಬರ್ಥದ ಮಾತನ್ನು ಮುಂದೆ ಅವರೇ ಹೇಳಿದ್ದಾರೆ. ಅಷ್ಟು ಹೊತ್ತಿಗೆ ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದ್ದವರು ಅವರು. 1944ರಲ್ಲಿ ರೆಸಿ ಟೇಲರ್ ಎಂಬಾಕೆಯ ಮೇಲೆ ಬಿಳಿ ಗಂಡಸರು ಸಾಮೂಹಿಕ ಅತ್ಯಾಚಾರ ಮಾಡಿದಾಗ, ಅವರ ಊರಿಗೇ ಹೋಗಿ ವಿವರ ಬರೆದುಕೊಂಡು ಬಂದಿದ್ದು ಇದೇ ಪಾರ್ಕ್ಸ್. ಪಾಪ, ದಣಿದ ಟೈಲರಮ್ಮ ಅಂತೆ!

ಅಂದ ಹಾಗೆ, ಇದಕ್ಕೂ 14 ವರ್ಷ ಮೊದಲು, 1941ರಲ್ಲಿ, ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅಮೆರಿಕದ ದಕ್ಷಿಣದಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಬಿಳಿಯರ ಬೋಗಿಯಿಂದ ಎದ್ದು ಹೋಗಿ ಅಂತ ಟಿಕೆಟ್ ಕಲೆಕ್ಟರ್ ಹೇಳಿದ್ದ. ಅವರು ಏಳಲಿಲ್ಲ. ಭಾರತದವರು ಅಂತ ಗೊತ್ತಾದಾಗ ಆತ ಮೆತ್ತಗಾದ. ಆ ರಿಯಾಯಿತಿ ಇವರಿಗೆ ಬೇಡವಾಗಿತ್ತು, ನಾನೂ ಬಣ್ಣದವಳೇ, ಇಲ್ಲಿಂದ ಏಳುವುದಿಲ್ಲ ಅಂದರು. ನಮ್ಮಲ್ಲೇ ಇದನ್ನು ಹೇಳುವವರು ಕಡಿಮೆ.

ಮತ್ತೆ ಮಾಂಟ್ಗೊಮರಿಗೆ ಬರೋಣ. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು, ಮಾರ್ಚ್ 2ರಂದು, ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಹುಡುಗಿ ಅದೇ ಊರಿನ ಬಸ್ಸಿನಲ್ಲಿ ಏಳಲಿಲ್ಲ. ಪೊಲೀಸರು ಕೈಕೋಳ ಹಾಕಿ ಎಳೆದುಕೊಂಡು ಹೋದರು. ಈಗ ಇವರ ಬಗ್ಗೆಯೂ ಒಂದು ಫಾರ್ವರ್ಡ್ ಇದೆ: ಬಸುರಿಯಾದಳು ಅಂತ ಮುಖಂಡರು ಕೈಬಿಟ್ಟರು. ಅದೂ ಅರ್ಧ ಸತ್ಯವೇ. ಮೇ ತಿಂಗಳ ಮೇಲ್ಮನವಿಯಲ್ಲಿ ಜಡ್ಜ್ ಜಾಣತನ ತೋರಿಸಿದ. ಬಸ್ಸಿನ ಬೇರ್ಪಡಿಕೆ ಕಾನೂನು ಮುರಿದ ಆರೋಪ ಕೈಬಿಟ್ಟು, ಪೊಲೀಸರ ಮೇಲೆ ಕೈ ಮಾಡಿದಳು ಎಂಬುದನ್ನಷ್ಟೇ ಉಳಿಸಿದ. ಆಮೇಲೆ ಆ ಕೇಸಿನಿಂದ ಆ ಕಾನೂನನ್ನು ಪ್ರಶ್ನಿಸುವುದು ಹೇಗೆ? ಬಸುರಿಯಾದದ್ದು ನಂತರದ ಮಾತು. ವಯಸ್ಸು, ಬಡ ಕೇರಿ, ಕಡುಕಪ್ಪು ಬಣ್ಣ, ಇವೂ ಲೆಕ್ಕಕ್ಕೆ ಬಂದವು, ಇಲ್ಲ ಅನ್ನೋಕಾಗಲ್ಲ. ಬೇರೆ ಕೇಸಿಗೆ ಕಾದದ್ದು ನನ್ನ ಪ್ರಕಾರ ತಪ್ಪಲ್ಲ. ಗೆದ್ದ ಮೇಲೂ ಹುಡುಗಿಯನ್ನು ಮರೆತರಲ್ಲ, ಅದು ತಪ್ಪು.

ನನಗೆ ಎಲ್ಲರಿಗಿಂತ ಇಷ್ಟವಾಗುವವರು ಜೋ ಆನ್ ರಾಬಿನ್ಸನ್. ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಮೇಡಂ. 1949ರಲ್ಲಿ ಹೆಚ್ಚುಕಡಿಮೆ ಖಾಲಿ ಇದ್ದ ಬಸ್ಸಿನಲ್ಲಿ ಸ್ವಲ್ಪ ಮುಂದೆ ಕೂತಿದ್ದಕ್ಕೆ ಡ್ರೈವರ್ ಹೊಡೆಯುವವನ ಹಾಗೆ ಮೇಲೆ ಬಂದಿದ್ದ, ಅಳುತ್ತಾ ಇಳಿದು ಹೋಗಿದ್ದರು. ಆಮೇಲೆ ಊರಿನ ಕಪ್ಪು ಹೆಂಗಸರ ಸಂಘಟನೆ ವಿಮೆನ್ಸ್ ಪೊಲಿಟಿಕಲ್ ಕೌನ್ಸಿಲ್‌ನ ಅಧ್ಯಕ್ಷೆಯಾದರು. 1954ರ ಮೇನಲ್ಲೇ ಮೇಯರ್‌ಗೆ ಕಾಗದ ಬರೆದರು. ನಿಮ್ಮ ಬಸ್ಸು ಹತ್ತುವವರಲ್ಲಿ ಮುಕ್ಕಾಲು ಪಾಲು ನಾವು, ನಾವು ಹತ್ತದಿದ್ದರೆ ಬಸ್ಸು ಓಡಲ್ಲ ಅಂತ, ಮರ್ಯಾದೆಯ ಭಾಷೆಯಲ್ಲೇ. ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲು! ಆ ಬಂಧನದ ನಂತರ ಕಪ್ಪು ಜನ ಬಸ್ಸು ಹತ್ತದೆ ನಡೆಸಿದ ಬಹಿಷ್ಕಾರ ಆಕಾಶದಿಂದ ಉದುರಿದ್ದಲ್ಲ, ಅಲ್ವಾ?

ಪಾರ್ಕ್ಸ್ ಬಂಧನದ ಸುದ್ದಿ ಬಂದ ರಾತ್ರಿ ರಾಬಿನ್ಸನ್ ಯಾರ ಅಪ್ಪಣೆಗೂ ಕಾಯಲಿಲ್ಲ. ಒಬ್ಬ ಸಹೋದ್ಯೋಗಿ, ಇಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಡುರಾತ್ರಿ ಕಾಲೇಜಿನ ಸೈಕ್ಲೋಸ್ಟೈಲ್ ಮಷೀನ್ ಮುಂದೆ ನಿಂತರು. ಬಸ್ಸು ಹತ್ತಬೇಡಿ ಎಂಬ ಕರಪತ್ರ, ಒಂದು ಹಾಳೆಗೆ ಮೂರು, ಕತ್ತರಿಸಿ ಕಟ್ಟು ಕಟ್ಟಿ ಇಟ್ಟರು, ಹತ್ತಾರು ಸಾವಿರ. ಬೆಳಗ್ಗೆ ಪಾಠ ಮಾಡಿದರು, ಆಮೇಲೆ ಕಾರಿನಲ್ಲಿ ಊರೆಲ್ಲ ಸುತ್ತಿ ಹಂಚಿದರು. ಆ ಕರಪತ್ರದಲ್ಲಿ ಕಾಲ್ವಿನ್ ಹೆಸರಿದೆ, ಗಮನಿಸಿ. ಕ್ಲಾಡೆಟ್ ಕಾಲ್ವಿನ್ ಪ್ರಕರಣದ ನಂತರ ಹೀಗಾಗುತ್ತಿರುವುದು ಇದು ಎರಡನೇ ಸಲ ಅಂತ ಬರೆದಿದ್ದಾರೆ. ಅಂದರೆ ಆಗ ಯಾರೂ ಮರೆತಿರಲಿಲ್ಲ, ಮರೆವು ಆಮೇಲೆ ಬಂತು. ಸರ್ಕಾರಿ ಕಾಲೇಜಿನ ಕೆಲಸ ಹೋಗುತ್ತದೆ ಅಂತ ರಾಬಿನ್ಸನ್ ತಮ್ಮ ಹೆಸರನ್ನು ಮಾತ್ರ ಎಲ್ಲೂ ಹಾಕಲಿಲ್ಲ. 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಬಹಿಷ್ಕಾರದ ಮುಖಂಡರಾಗಿದ್ದು ಡಿಸೆಂಬರ್ 5ರ ಮಧ್ಯಾಹ್ನ, ಅಷ್ಟು ಹೊತ್ತಿಗೆ ಬಸ್ಸುಗಳು ಖಾಲಿ ಓಡಿಯಾಗಿತ್ತು. ಕಿಂಗ್ ದೊಡ್ಡವರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಲೆ ಹಚ್ಚಿದವರು ಬೇರೆ.

ಒಲೆ ಅಂದಾಗ ಜಾರ್ಜಿಯಾ ಗಿಲ್ಮೋರ್ ಅವರನ್ನು ಬಿಡುವ ಹಾಗಿಲ್ಲ. ಅವರು ಹೋಟೆಲ್ ಅಡುಗೆಯವರು. 381 ದಿನ ಬಸ್ಸು ಬಿಡಬೇಕೆಂದರೆ ಕೆಲಸಕ್ಕೆ ಹೋಗುವವರನ್ನು ಸಾಗಿಸಲು ಕಾರು, ಪೆಟ್ರೋಲ್, ರಿಪೇರಿ, ಇನ್ಶೂರೆನ್ಸ್ ಎಲ್ಲಕ್ಕೂ ದುಡ್ಡು ಬೇಕು. ಇವರು ಹೆಂಗಸರ ಗುಂಪು ಕಟ್ಟಿ ಕೋಳಿ ಹುರಿದು, ಕೇಕು, ಪೈ ಮಾಡಿ ಮಾರಿ, ಸಭೆಗೆ ದುಡ್ಡು ತಂದು ಸುರಿದರು. ಗುಂಪಿನ ಹೆಸರು 'ಕ್ಲಬ್ ಫ್ರಮ್ ನೋವೇರ್'. ದುಡ್ಡು ಎಲ್ಲಿಂದ ಬಂತು ಅಂದರೆ ಎಲ್ಲಿಂದಲೂ ಇಲ್ಲ! ಕೊಟ್ಟವರ ಹೆಸರು ಗೊತ್ತಾದರೆ ಅವರ ಕೆಲಸ ಹೋಗುತ್ತಿತ್ತು. ಗಿಲ್ಮೋರ್ ಕೆಲಸ ಹೋಗಿಯೇ ಹೋಯಿತು, ಕಿಂಗ್ ಪರ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ. ಮನೆಯಲ್ಲೇ ಅಡುಗೆ ಶುರು ಮಾಡಿದರು.

ಇನ್ನು ಕಾನೂನು ಬಿದ್ದದ್ದು ಪಾರ್ಕ್ಸ್ ಕೇಸಿನಿಂದ ಅಲ್ಲ. ಅದು ರಾಜ್ಯದ ಕೋರ್ಟಿನಲ್ಲಿ ತೆವಳುತ್ತಿತ್ತು. ಬಿದ್ದದ್ದು 'ಬ್ರೌಡರ್ ವಿರುದ್ಧ ಗೇಲ್' ಎಂಬ ಫೆಡರಲ್ ಕೇಸಿನಿಂದ. ಅದರಲ್ಲಿ ಉಳಿದ ವಾದಿಗಳು ನಾಲ್ವರು ಹೆಂಗಸರು: ಆರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತೆ ಅದೇ ಕಾಲ್ವಿನ್, ಆಗಷ್ಟೇ ಹೆತ್ತ ಬಾಣಂತಿ. ನಿಮ್ಮ ಮುಖಂಡ ಯಾರು ಅಂತ ನಗರದ ವಕೀಲ ಕೇಳಿದಾಗ ಕಾಲ್ವಿನ್ ಉತ್ತರ: ನಮಗೆ ನಾವೇ. ಬಸ್ಸಿನ ಬೇರ್ಪಡಿಕೆ ಸಂವಿಧಾನಕ್ಕೆ ವಿರುದ್ಧ ಅಂತ ಆ ಕೋರ್ಟ್ ಕೊಟ್ಟ ತೀರ್ಪನ್ನು 1956ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಗೆಲ್ಲಿಸಿದ ಆ ಹುಡುಗಿಗೆ ಊರಿನಲ್ಲಿ ಕೆಲಸ ಸಿಗಲಿಲ್ಲ. ನ್ಯೂಯಾರ್ಕಿಗೆ ಹೋಗಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಸಹಾಯಕಿಯಾಗಿ ದಶಕಗಟ್ಟಲೆ ದುಡಿದರು. ಪೊಲೀಸರ ಮೇಲೆ ಕೈ ಮಾಡಿದಳು ಎಂಬ 1955ರ ಆ ದಾಖಲೆಯನ್ನು ಮಾಂಟ್ಗೊಮರಿಯ ಕೋರ್ಟ್ ಅಳಿಸಿ ಹಾಕಿದ್ದು 2021ರಲ್ಲಿ, ಅದೂ ಅವರೇ ಅರ್ಜಿ ಹಾಕಿದ ಮೇಲೆ. ಆಗ ಅವರಿಗೆ 82 ವರ್ಷ.