ಎಂಟು ನಿಮಿಷದ ಅಂಟಿಗೆ-ಪಂಟಿಗೆ

ಹೋದ ವರ್ಷ ಸಾಗರದ ಕಡೆಯ ನಮ್ಮೂರಿನಲ್ಲಿ ಸ್ಥಳೀಯ ಇತಿಹಾಸ ಮತ್ತು ಜನಪದ ಕಲೆಗಳ ಹೆಸರಿನಲ್ಲಿ ಒಂದು ದಿನದ ಕಾರ್ಯಕ್ರಮ ಮಾಡಿದೆವು. ಮಾಡಿದವರಲ್ಲಿ ನಾನೂ ಒಬ್ಬ. ಹಾಗಾಗಿ ಇಲ್ಲಿ ಬೈಯುವುದರಲ್ಲಿ ಅರ್ಧ ಪಾಲು ನನಗೇ ಸೇರಬೇಕು.

ಆಮಂತ್ರಣ ಪತ್ರಿಕೆಯಲ್ಲಿ ಹತ್ತೊಂಬತ್ತು ಹೆಸರುಗಳಿದ್ದವು. ಅದರಲ್ಲಿ ಹಾಡುವವರು, ಕುಣಿಯುವವರು, ಬರೆಯುವವರು ಯಾರೂ ಇರಲಿಲ್ಲ. ಅವರೆಲ್ಲ ಕೊನೆಯ ಸಾಲಿನ ‘ಸಾಂಸ್ಕೃತಿಕ ಕಾರ್ಯಕ್ರಮಗಳು’ ಎಂಬ ಎರಡು ಪದಗಳೊಳಗೆ ಅಡಗಿದ್ದರು. ಹತ್ತು ಗಂಟೆಯ ಉದ್ಘಾಟನೆ ಹನ್ನೊಂದೂಕಾಲಿಗೆ ಆಯಿತು. ಪ್ರಾಸ್ತಾವಿಕ ನುಡಿಯವರು ಅಧ್ಯಕ್ಷರ ಭಾಷಣವನ್ನೂ ತಾವೇ ಮುಗಿಸಿದರು. ಅಧ್ಯಕ್ಷರು ಅದನ್ನೇ ಮತ್ತೊಮ್ಮೆ ಮಾಡಿದರು. ಹಾರ, ಶಾಲು, ಹಣ್ಣಿನ ಬುಟ್ಟಿಗಳೆಲ್ಲ ಮುಗಿದು ಅಂಟಿಗೆ-ಪಂಟಿಗೆ ತಂಡದ ಸರದಿ ಬಂದಾಗ ಮಧ್ಯಾಹ್ನ ಎರಡು ಗಂಟೆ, ಹಿಂದಿನಿಂದ ಸಾರಿನ ಪರಿಮಳ. ನಿರೂಪಕಿಯ ಕೈಗೆ ಒಂದು ಚೀಟಿ ಹೋಯಿತು: ‘ಎಂಟು ನಿಮಿಷ ಮಾತ್ರ’. ಆ ಚೀಟಿ ಬರೆದವನು ನಾನು.

ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ, ಬಯಲುಸೀಮೆಯ ಗೆಳೆಯರಿಗಾಗಿ ಹೇಳುತ್ತೇನೆ. ದೀಪಾವಳಿಯ ರಾತ್ರಿಗಳಲ್ಲಿ ಒಂದು ತಂಡ ದೇವರ ಮುಂದೆ ಹಚ್ಚಿದ ದೀಪವನ್ನು ಹಿಡಿದು, ತೋಟ, ಗದ್ದೆ, ಸಂಕ (ಹಳ್ಳದ ಕಾಲುಸೇತುವೆ) ದಾಟಿ ಮನೆಯಿಂದ ಮನೆಗೆ ಹೋಗುತ್ತದೆ. ಇಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಂದಿನಿಂದ ಹಾಡುತ್ತಾರೆ. ಮನೆಯ ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆಯಲೆಂದೇ ಒಂದು ಹಾಡು ಇದೆ. ತೆರೆದ ಮೇಲೆ ಮನೆಯವರು ಬಂದ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಂಡು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳುಹಿಸುತ್ತಾರೆ. ದಾರಿಯಲ್ಲಿ ದೀಪ ಆರಬಾರದು. ಗಾಳಿ ಬಂದರೆ ಕಂಬಳಿಯ ಮರೆ, ಮಳೆ ಬಂದರೆ ಕೊಡೆಯ ಮರೆ.

ನಮ್ಮ ವೇದಿಕೆಯ ಮೇಲೆ ಗಣ್ಯರಿಗೆ ಸೆಕೆಯಾಗದಿರಲೆಂದು ಎರಡು ದೊಡ್ಡ ಫ್ಯಾನ್ ಇಟ್ಟಿದ್ದೆವು. ತಂಡ ಮೆಟ್ಟಿಲು ಹತ್ತಿ ಬರುತ್ತಿದ್ದಂತೆ ದೀಪ ಆರಿತು. ಯಾರೋ ಬೆಂಕಿಪೊಟ್ಟಣ ಎಸೆದರು. ತಂಡದ ಹಿರಿಯರು ಅದನ್ನು ಹಿಡಿದು ಒಂದು ಕ್ಷಣ ಕೈಯಲ್ಲೇ ಇಟ್ಟುಕೊಂಡು ನಿಂತರು. ಆಮೇಲೆ ಕಡ್ಡಿ ಗೀರಿದರು. ಹಾಡಿದರು, ಚೆನ್ನಾಗಿಯೇ ಹಾಡಿದರು. ಆರನೆಯ ನಿಮಿಷಕ್ಕೆ ನಿರೂಪಕಿ ಕೈಗಡಿಯಾರ ತೋರಿಸಿದಳು.

ಊಟದ ಸಾಲಿನಲ್ಲಿ ಆ ಹಿರಿಯರ ಪಕ್ಕದಲ್ಲೇ ಕುಳಿತೆ. ಕ್ಷಮೆ ಕೇಳಬೇಕೆಂದುಕೊಂಡೆ, ನಾಲಗೆ ಏಳಲಿಲ್ಲ. ಅವರೇ ಹೇಳಿದರು: “ಅದಿರಲಿ ಮೇಷ್ಟ್ರೇ, ಅಲ್ಲಿ ಬಾಗಿಲು ಎಲ್ಲಿತ್ತು? ಯಾರು ತೆರೆಯಲಿ ಎಂದು ಹಾಡುವುದು?”

ನಮ್ಮ ತಪ್ಪು ಬರೀ ಶಿಸ್ತಿನದು, ಗಡಿಯಾರದ್ದು ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಭಾಷಣ ಕಡಿಮೆ ಮಾಡಿ ಕಲಾವಿದರಿಗೆ ಇಪ್ಪತ್ತು ನಿಮಿಷ ಕೊಟ್ಟಿದ್ದರೆ ಸರಿಹೋಗುತ್ತಿತ್ತು ಎಂದು. ಈಗ ಹಾಗನ್ನಿಸುವುದಿಲ್ಲ. ಈ ಕಲೆಗಳಿಗೆ ತಮ್ಮದೇ ಹೊತ್ತು ಇದೆ, ತಮ್ಮದೇ ಜಾಗ ಇದೆ. ಎರಡನ್ನೂ ಕಿತ್ತುಹಾಕಿ ಉಳಿದದ್ದನ್ನು ವೇದಿಕೆಗೆ ತಂದು, ಅದಕ್ಕೆ ‘ಪ್ರೋತ್ಸಾಹ’ ಎಂದು ಹೆಸರಿಡುತ್ತಿದ್ದೇವೆ.

ಹಸೆ ಚಿತ್ತಾರದ ಕಥೆಯೂ ಅದೇ. ದೀವರ ಸಮುದಾಯದ ಹೆಂಗಸರು ಮದುವೆಯ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆ ಎಳೆಯಾಗಿ ಬರೆಯುವ ಚಿತ್ರ ಅದು. ಮದುಮಕ್ಕಳು ಕೂರುವುದು ಅದರ ಮುಂದೆ. ನಾವು ಅಂದು ಒಂದು ಪ್ಲೈವುಡ್ ಹಲಗೆ ಕೊಟ್ಟು ‘ಪ್ರಾತ್ಯಕ್ಷಿಕೆ’ ಎಂದು ಬೋರ್ಡ್ ಹಾಕಿದೆವು. ಬರೆಯಲು ಬಂದ ಅಜ್ಜಿ ಅರ್ಧ ಚೌಕ ಮುಗಿಸುವುದರೊಳಗೆ ಹಲಗೆಯನ್ನು ಪಕ್ಕಕ್ಕೆ ಸರಿಸಬೇಕಾಯಿತು, ಗುಂಪು ಚಿತ್ರಕ್ಕೆ ಜಾಗ ಸಾಲಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಅಜ್ಜಿಗೆ ಶಾಲು ಹೊದಿಸಿದಾಗ ಖುಷಿಯಾಗಿತ್ತು. ಆ ಖುಷಿಯನ್ನು ನಾನು ಹಗುರ ಮಾಡುವುದಿಲ್ಲ. ಮೊಮ್ಮಗಳು ಆ ಫೋಟೊವನ್ನು ಚೌಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದಾಳೆ. ಆದರೆ ಆ ಮೊಮ್ಮಗಳಿಗೆ ಒಂದು ಎಳೆ ಎಳೆಯಲೂ ಬರುವುದಿಲ್ಲ, ನಮ್ಮ ಕಾರ್ಯಕ್ರಮದಿಂದ ಬರುವಂತೆಯೂ ಆಗಲಿಲ್ಲ.

ಇನ್ನು ಇತಿಹಾಸ. ಕೆಳದಿಯ ಬಗ್ಗೆ ಮಾತನಾಡಿದವರೆಲ್ಲ ಶಿವಪ್ಪ ನಾಯಕನ ಕತ್ತಿಯನ್ನು ಹೊಗಳಿದರು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮನ ಧೈರ್ಯವನ್ನು ಹೊಗಳಿದರು. ಇರಲಿ, ಹೊಗಳಬೇಕಾದವರೇ. ಆದರೆ ‘ಶಿವಪ್ಪ ನಾಯಕನ ಶಿಸ್ತು’ ಎಂದರೆ ಏನು, ಮಣ್ಣಿನ ಗುಣ ಮತ್ತು ಇಳುವರಿ ನೋಡಿ ಕಂದಾಯ ಕಟ್ಟಿದ್ದು ಹೇಗೆ ಎಂದು ಒಬ್ಬರೂ ಹೇಳಲಿಲ್ಲ. ಸಭೆಯಲ್ಲಿ ಕುಳಿತವರೆಲ್ಲ ಅಡಿಕೆ, ಭತ್ತ ಬೆಳೆಯುವವರು! ಕಾಗೋಡು ಸತ್ಯಾಗ್ರಹದ ಬಗ್ಗೆಯೂ ಭಾಷಣ ಆಯಿತು. 1951ರಲ್ಲಿ ಅಲ್ಲಿ ಗೇಣಿದಾರರು ಸಿಡಿದೆದ್ದದ್ದಕ್ಕೆ ಒಂದು ದೊಡ್ಡ ಕಾರಣ ಕೊಳಗ. ಗೇಣಿ ಅಳೆದುಕೊಳ್ಳುವ ಒಡೆಯರ ಕೊಳಗ ದೊಡ್ಡದು ಎಂಬುದು ಜಗಳ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಆಮೇಲಿನ ಮಾತು. ನಲವತ್ತು ನಿಮಿಷದ ಭಾಷಣದ ಬದಲು ಅಂಗಳದಲ್ಲಿ ಒಂದು ಚಿಕ್ಕ ಕೊಳಗ, ಒಂದು ದೊಡ್ಡ ಕೊಳಗ ಇಟ್ಟು, ಮಕ್ಕಳ ಕೈಯಲ್ಲಿ ಹತ್ತು ಹತ್ತು ಸಲ ಭತ್ತ ಅಳೆಸಿ, ಎರಡು ರಾಶಿಗಳನ್ನು ಪಕ್ಕಪಕ್ಕದಲ್ಲಿ ಸುರಿಸಿದ್ದರೆ? ಲೋಹಿಯಾ ಏಕೆ ಬಂದರು ಎಂದು ಮಕ್ಕಳೇ ಹೇಳುತ್ತಿದ್ದರು.

ಕಾರ್ಯಕ್ರಮದ ಮಾರನೆಯ ದಿನ ವೀರಗಲ್ಲು ನೋಡುವ ನಡಿಗೆ ಇತ್ತು. ಅತಿಥಿಗಳ ಅನುಕೂಲಕ್ಕೆ ಹನ್ನೊಂದೂವರೆಗೆ ಹೊರಟೆವು. ಒಂದು ಮನೆಯ ಹಿತ್ತಲಿನಲ್ಲಿ ಬಾಳೆಗಿಡಗಳ ನಡುವೆ ಕಲ್ಲು ನಿಂತಿದೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಅದು ಪಾಚಿ ಹಿಡಿದ ಬರೀ ಬಂಡೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ವೀರ ಎಂದು ನಾನು ಪುಸ್ತಕದಲ್ಲಿದ್ದುದನ್ನು ಒಪ್ಪಿಸುತ್ತಿದ್ದೆ. ಬಂದವರು ತಲೆಯಾಡಿಸುತ್ತಾ ಮೊಬೈಲ್ ನೋಡುತ್ತಿದ್ದರು. ಕಳೆ ಕೀಳುತ್ತಿದ್ದ ಆ ಮನೆಯ ಅಮ್ಮ ತಲೆ ಎತ್ತದೆ ಹೇಳಿದರು: “ಈಗ ಕಾಣುವುದಿಲ್ಲ. ಸಂಜೆ ಬಿಸಿಲು ಓರೆಯಾದಾಗ ಬನ್ನಿ, ಆಗ ಅವನು ಎದ್ದು ಬರುತ್ತಾನೆ.”

ಐದೂಕಾಲಿಗೆ ನಾನೊಬ್ಬನೇ ಹೋದೆ. ಪಶ್ಚಿಮದ ಬೆಳಕು ಕಲ್ಲಿನ ಮೈ ಸವರಿಕೊಂಡು ಬರುತ್ತಿತ್ತು, ಒಂದೊಂದು ಗೀರಿಗೂ ನೆರಳು. ಬಿಲ್ಲು ಕಂಡಿತು, ಸೊಂಟದ ಕಠಾರಿ ಕಂಡಿತು. ಕೆಳಗಿನ ಮೂಲೆಯಲ್ಲಿ, ನಾನು ಎಷ್ಟೋ ಸಲ ನೋಡಿಯೂ ಕಾಣದಿದ್ದ ಮೂರು ದನಗಳು ಕಂಡವು. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಆ ಅಮ್ಮ ಪಕ್ಕಕ್ಕೆ ಬಂದು ನಿಂತು, “ನೋಡಿ, ನಮ್ಮ ಗಿಡ್ಡ ದನಗಳೇ” ಎಂದರು. ಅಳತೆ ಹಿಡಿದು ನೋಡಿದರೆ ಅವರ ಮಾತು ನಿಲ್ಲುತ್ತದೋ ಇಲ್ಲವೋ, ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಕಟ್ಟಿದವರ ಕಣ್ಣು ಅದು, ನಾನು ಎದುರಾಡಲಿಲ್ಲ.

ದೊಡ್ಡ ಊರು, ದೊಡ್ಡ ದುಡ್ಡು ಇದ್ದರೆ ಮಾತ್ರ ಇದೆಲ್ಲ ಸಾಧ್ಯ ಎನ್ನುವವರಿಗೆ ಹೆಗ್ಗೋಡು ಪಕ್ಕದಲ್ಲೇ ಇದೆ. ಅಡಿಕೆ ತೋಟಗಳ ಆ ಹಳ್ಳಿಯಲ್ಲಿ 1949ರಲ್ಲಿ ನೀನಾಸಮ್ ಎಂಬ ನಾಟಕ ಸಂಸ್ಥೆ ಶುರುವಾಯಿತು. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದನ್ನು ಎಲ್ಲರೂ ಹೇಳುತ್ತೇವೆ, ಅದಕ್ಕೂ ಹಿಂದಿನ ನಲವತ್ತು ವರ್ಷಗಳನ್ನು ಹೇಳುವುದಿಲ್ಲ. ಅಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಬೆಳಿಗ್ಗೆ ಕುಳಿತು ಜಗಳವಾಡುವ ಅಭ್ಯಾಸವಿದೆ. ನಮ್ಮಲ್ಲಿ ಕಾರ್ಯಕ್ರಮದ ಮರುದಿನ ಜಗಳ ನಡೆಯುವುದು ಶಾಮಿಯಾನದ ಬಾಡಿಗೆಗೆ.

ಈ ವರ್ಷದ ಕಾರ್ಯಕ್ರಮಕ್ಕೆ ಮತ್ತೆ ಸಭೆ ಕರೆದಿದ್ದರು. ವೇದಿಕೆಯೇ ಬೇಡ ಎಂದೆ. “ಹಾಗಾದರೆ ಅತಿಥಿಗಳನ್ನು ಎಲ್ಲಿ ಕೂರಿಸುವುದು?” ಎಂದು ಕೇಳಿದರು. ಮಾತು ಅಲ್ಲಿಗೇ ನಿಂತಿದೆ.

ನಾನು ಮಾತ್ರ ಹೋದ ವಾರ ಆ ಹಿರಿಯರ ಮನೆಗೆ ಹೋಗಿ ಬಂದೆ. ದೀಪಾವಳಿಗೆ ನಿಮ್ಮ ಜೊತೆ ತಿರುಗಬಹುದೇ ಎಂದು ಕೇಳಿದೆ. ಅವರು ನನ್ನ ಹೊಟ್ಟೆ, ಚಪ್ಪಲಿ ಎರಡನ್ನೂ ನೋಡಿದರು. “ಎಣ್ಣೆ ಡಬ್ಬಿ ಹೊರಲು ಒಬ್ಬರು ಬೇಕು” ಎಂದರು. ಅಂಗಳ ದಾಟುವಾಗ ಹಿಂದಿನಿಂದ ಕೂಗಿದರು: “ಮೇಷ್ಟ್ರೇ, ಚೀಟಿ ತರಬೇಡಿ.”