ನಾಳೆಯ ಸೂಪರ್‌ಸ್ಟಾರ್‌ಗೆ ಇಂದೇ ಶಾಲು

2025ರ ಮಾರ್ಚ್‌ನಲ್ಲಿ ನಮ್ಮೂರಿನ ಬಸ್ ಸ್ಟಾಪ್ ಪಕ್ಕ ಒಂದು ಫ್ಲೆಕ್ಸ್ ಎದ್ದಿತು. ಕೊಡಗಿನ ಸುಂಟಿಕೊಪ್ಪದಿಂದ ಒಳಗೆ ನಾಲ್ಕು ಕಿಲೋಮೀಟರ್ ಬಂದರೆ ನಮ್ಮೂರು. ಬಸ್ ಸ್ಟಾಪಿಗಿಂತ ಫ್ಲೆಕ್ಸೇ ದೊಡ್ಡದಿತ್ತು. ಮಧ್ಯದಲ್ಲಿ ನಮ್ಮ ಪಕ್ಕದ ಮನೆ ಹುಡುಗ. ಕಪ್ಪು ಕನ್ನಡಕ, ಶರ್ಟಿನ ಮೂರು ಗುಂಡಿ ಬಿಚ್ಚಿದೆ, ಬೆನ್ನ ಹಿಂದೆ ಧಗಧಗ ಬೆಂಕಿ. ಬೆಂಕಿ ಯಾಕಪ್ಪಾ ಅಂತ ಫ್ಲೆಕ್ಸ್ ಅಂಗಡಿಯವನನ್ನು ಕೇಳಿದೆ. "ಅದು ಟೆಂಪ್ಲೇಟಲ್ಲೇ ಬರುತ್ತೆ ಸಾರ್, ತೆಗೆಯೋಕಾಗಲ್ಲ" ಎಂದ. ಮೇಲೆ ದಪ್ಪ ಅಕ್ಷರದಲ್ಲಿ, ‘ಕೊಡಗಿನ ಕುವರ, ನಾಳೆಯ ಸೂಪರ್‌ಸ್ಟಾರ್‌ಗೆ ಹಾರ್ದಿಕ ಶುಭಾಶಯಗಳು’.

ಅಲ್ಲಿಯವರೆಗೆ ಹುಡುಗ ಮಾಡಿದ್ದ ಸಾಧನೆ ಒಂದೇ. ಬೆಂಗಳೂರು ಬಸ್ಸಿಗೆ ಟಿಕೆಟ್ ಬುಕ್ ಮಾಡಿದ್ದ. ಅದೂ ಅಕ್ಕನ ಫೋನಿನಿಂದ.

ಫ್ಲೆಕ್ಸಿನಲ್ಲಿ ಅವನದು ಒಂದು ಮುಖ, ಸುತ್ತ ಶುಭ ಕೋರುವವರದ್ದು 17 ಮುಖ. ಪಂಚಾಯಿತಿ ಸದಸ್ಯರು, ಮಾಜಿ ಸದಸ್ಯರು, ಮುಂದಿನ ಸಲ ಸದಸ್ಯರಾಗಬೇಕು ಅಂದುಕೊಂಡವರು. ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ. ಅದನ್ನು ಕಿತ್ತು ಹಾಕಬೇಕಾದವರ ಮುಖವೂ ಆ 17ರಲ್ಲಿತ್ತು. ಕೈ ಮುಗಿದುಕೊಂಡಿದ್ದರು.

ಹೆಸರು ಮಾತ್ರ ನಮಗೆ ಗುರುತೇ ಸಿಗಲಿಲ್ಲ. ಅಜ್ಜನ ಹೆಸರಿಟ್ಟಿದ್ದರು ಪಾಪ. ಅದು ಪೋಸ್ಟರಿಗೆ ಆಗಲ್ಲ ಅಂತ ಸಂಖ್ಯಾಶಾಸ್ತ್ರದವರು ಹೇಳಿದರಂತೆ. ಅರ್ಧ ಕತ್ತರಿಸಿ, ಉಳಿದರ್ಧಕ್ಕೆ ಇಂಗ್ಲಿಷಿನ ಎರಡು ‘ಎ’ ಜಾಸ್ತಿ ಸೇರಿಸಿದ್ದರು. ಅವನ ಅಜ್ಜಿಗೆ ಬೇಸರವಾಯಿತು. ನಾನೇ ಸಮಾಧಾನ ಹೇಳಿದೆ. ನಮ್ಮ ಮಾಂದಲ್‌ಪಟ್ಟಿಯನ್ನೇ ನೋಡಿ ಅಜ್ಜಿ, 2008ರಲ್ಲಿ ಒಂದು ಸಿನಿಮಾ ಬಂತು, ಈಗ ಟೂರಿಸ್ಟುಗಳೆಲ್ಲ ಅದನ್ನು ಮುಗಿಲುಪೇಟೆ ಅಂತಾರೆ. ಬೆಟ್ಟವೇ ಹೆಸರು ಬದಲಾಯಿಸಿಕೊಂಡು ಸುಮ್ನೆ ಕೂತಿದೆ, ಇವನದ್ದೇನು ಮಹಾ.

ಹೊರಡುವ ಹಿಂದಿನ ದಿನ ಸಮುದಾಯ ಭವನದಲ್ಲಿ ಸನ್ಮಾನ. ಸಿನಿಮಾ ಮಾಡಿ ಬಂದವರಿಗೆ ಸನ್ಮಾನ ಮಾಡುವುದನ್ನು ನೋಡಿದ್ದೇನೆ. ಮಾಡಲು ಹೋಗುವವನಿಗೆ ಮಾಡುವುದನ್ನು ಅವತ್ತೇ ನೋಡಿದ್ದು. ಮೈಸೂರು ಪೇಟ ತೊಡಿಸಿದರು. ದೊಡ್ಡ ಸೈಜು, ಕಿವಿ ದಾಟಿ ಹುಬ್ಬಿಗೆ ಬಂತು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋದವನು "ಇನ್ನೊಂದ್ಸಲ" ಅಂದ. ಬುಟ್ಟಿ ವಾಪಸ್ ತಗೊಂಡು ಇನ್ನೊಂದ್ಸಲ ಕೊಟ್ಟರು. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಆ ಬುಟ್ಟಿ ನಾಲ್ಕು ಸಲ ಕೈ ಬದಲಿಸಿ, ಕೊನೆಗೆ ಯಾರದ್ದೋ ಸ್ಕೂಟರ್ ಹತ್ತಿ ಹೋಯಿತು.

ಮುಖ್ಯ ಅತಿಥಿಗಳು ಭಾಷಣಕ್ಕೆ ನಿಂತರು. "ಕೊಡಗು ಈ ದೇಶಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನು ಕೊಟ್ಟಿದೆ! ಜನರಲ್ ತಿಮ್ಮಯ್ಯನವರನ್ನು ಕೊಟ್ಟಿದೆ! ಈಗ ಈ ಹುಡುಗನನ್ನು ಕೊಡುತ್ತಿದೆ!" ಚಪ್ಪಾಳೆ. ಪಕ್ಕದಲ್ಲಿ ಕೂತಿದ್ದ ಹುಡುಗನ ಅಪ್ಪ ನನ್ನ ಕಿವಿಗೆ ಬಗ್ಗಿದರು. "ಕೊಡ್ತಾ ಇರೋದು ನಾನಲ್ವಾ ಅಣ್ಣಾ?"

ಕಾರ್ಯಪ್ಪನವರು ಹುಟ್ಟಿದ್ದು ಇಲ್ಲೇ ಶನಿವಾರಸಂತೆಯಲ್ಲಿ, 1899ರಲ್ಲಿ. ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರಾಗಿದ್ದು 1949ರಲ್ಲಿ. ನಡುವೆ ಬರೋಬ್ಬರಿ 50 ವರ್ಷ. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿ ನಮ್ಮ ಎಂ.ಎಂ. ಸೋಮಯ್ಯ ಇದ್ದರು. ಮನೆ ಬಿಟ್ಟು ಹೋಗುವುದು ಕೊಡಗಿಗೆ ಹೊಸದೇನಲ್ಲ. ನಮ್ಮ ಕಾಲದಲ್ಲೂ ಹುಡುಗರು ತಗಡಿನ ಟ್ರಂಕ್ ಹೊತ್ತು ಮಿಲಿಟರಿಗೆ ಹೋಗುತ್ತಿದ್ದರು. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡರೆ ಅದೇ ಬೀಳ್ಕೊಡುಗೆ. ಕಾವೇರಿಯೂ ತಲಕಾವೇರಿಯಲ್ಲಿ ಹುಟ್ಟಿ ಊರು ಬಿಟ್ಟವಳೇ ಅಲ್ವಾ? ಅವಳಿಗೆ ಯಾರು ಪೇಟ ತೊಡಿಸಿ ಕಳಿಸಿದ್ದರು?

ಸುಳ್ಳು ಯಾಕೆ ಹೇಳಲಿ, ವೇದಿಕೆಯ ಮೇಲೆ ನಾನೂ ಇದ್ದೆ. ಎರಡು ಮಾತು ಆಡಿ ಅಂದಿದ್ದರು, ಕಾಲು ಗಂಟೆ ಆಡಿದೆ. ನಟಿ ಪ್ರೇಮಾ ಕೊಡಗಿನವರು ಅಂದೆ. ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2016ರಲ್ಲಿ ಮೊದಲ ಸಿನಿಮಾ ಮಾಡಿ ತೆಲುಗು, ಹಿಂದಿ ಎಲ್ಲ ದಾಟಿ ಹೋದರು ಅಂದೆ. ಎಲ್ಲ ನಿಜವೇ. ಹೋಗಿ ಗೆದ್ದವರ ಹೆಸರು ನಮಗೆ ಬಾಯಿಪಾಠ. ಹೋಗಿ ಸೋತವರ ಹೆಸರು ಹೇಳಿ ಅಂದರೆ ಒಂದೂ ನೆನಪಾಗಲ್ಲ. ಯಾಕೆಂದರೆ ಅವರು ಮಧ್ಯರಾತ್ರಿ ಬಸ್ಸಿನಲ್ಲಿ ಬಂದು ಇಳಿಯುತ್ತಾರೆ, ಬೆಳಗ್ಗೆ ಎದ್ದು ತೋಟಕ್ಕೆ ಹೋಗುತ್ತಾರೆ. ಇದನ್ನು ನಾನು ಭಾಷಣದಲ್ಲಿ ಹೇಳಲಿಲ್ಲ. ನನಗೂ ಒಂದು ಶಾಲು ಕೊಟ್ಟಿದ್ದರು, ನೋಡಿ.

ಹುಡುಗನ ಅಪ್ಪನಿಗೆ ಇರುವುದು ಮೂರು ಎಕರೆ ರೊಬಸ್ಟಾ ಕಾಫಿ ತೋಟ. ಆ ವರ್ಷ ಕಾಫಿಗೆ ಯಾರೂ ಕನಸಲ್ಲೂ ಕಾಣದ ರೇಟು, 50 ಕೆಜಿ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ ಮೂಟೆ, 10 ಸಾವಿರ ದಾಟಿತ್ತು. ಇಲ್ಲದಿದ್ದರೆ ಹುಡುಗ ಬಹುಶಃ ಹೋಗುತ್ತಲೇ ಇರಲಿಲ್ಲ. ಚೆರಿ ಕೊಳ್ಳುವಾಗ ವ್ಯಾಪಾರಿ ಮೂಟೆಯೊಳಗೆ ಕೈ ಹಾಕಿ ಸ್ವಲ್ಪ ಸ್ಯಾಂಪಲ್ ತೆಗೆಯುತ್ತಾನೆ. ಸಿಪ್ಪೆ ಬಿಡಿಸುತ್ತಾನೆ, ಊದುತ್ತಾನೆ, ಉಳಿದ ಬೀಜ ತೂಗುತ್ತಾನೆ. 50 ಕೆಜಿಯಲ್ಲಿ ಬೀಜ ಎಷ್ಟು ಕೆಜಿ ಬರುತ್ತದೆ ಅನ್ನುವುದೇ ಓಟಿ. 26, 27 ಬಂದರೆ ಮರ್ಯಾದೆ. ಕಡಿಮೆ ಬಂದರೆ ತಲೆ ತಗ್ಗಿಸಿ ಅವನು ಹೇಳಿದ ದುಡ್ಡು ಎಣಿಸಿಕೊಳ್ಳಬೇಕು. ಸನ್ಮಾನ ಮುಗಿಸಿ ನಡೆದುಕೊಂಡು ಬರುವಾಗ ಅಪ್ಪ ಕೇಳಿದರು.

"ಅಣ್ಣಾ, ನೀವು ಓದಿದೋರು. ಇವನ ಓಟಿ ಎಷ್ಟು ಬರಬಹುದು?"

ನಾನು ಶಾಲು ಸರಿ ಮಾಡಿಕೊಂಡೆ.

ಸಿನಿಮಾಗಳಲ್ಲಿ ಹೀರೋ ಊರು ಬಿಟ್ಟು ಬೆಂಗಳೂರಿಗೆ ಬರುವುದು ರೈಲಿನಲ್ಲಿ. ಮೆಜೆಸ್ಟಿಕ್‌ನಲ್ಲಿ ಇಳಿದು, ಮೇಲೆ ನೋಡಿ, ಎರಡೂ ಕೈ ಅಗಲಿಸುತ್ತಾನೆ. ಕೊಡಗಿನ ಹೀರೋಗೆ ಆ ಭಾಗ್ಯವಿಲ್ಲ. ಜಿಲ್ಲೆಯಲ್ಲಿ ಒಂದಡಿ ರೈಲು ಹಳಿ ಇಲ್ಲ. ನಮ್ಮವನು ಕೆಂಪು ಬಸ್ಸಿನಲ್ಲಿ ಕುಶಾಲನಗರ, ಹುಣಸೂರು, ಮೈಸೂರು ದಾಟಿ, ಎರಡು ಸಲ ವಾಂತಿ ಮಾಡಿಕೊಂಡು, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದ. ಅಲ್ಲಿ ಕೈ ಅಗಲಿಸಿದರೆ ಆಟೋ ನಿಲ್ಲುತ್ತದೆ. ನಿಂತಿತು.

ಮುಂದಿನದ್ದು ಹೇಳುವಂಥದ್ದೇನಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಆಡಿಷನ್ ಅರ್ಜಿಗೆ 2 ಸಾವಿರ. ಪೋರ್ಟ್‌ಫೋಲಿಯೋ ಫೋಟೋಗೆ 38 ಸಾವಿರ. ನಟನೆ ಕಲಿಸುವ ಮೂರು ತಿಂಗಳ ಕೋರ್ಸಿಗೆ 60 ಸಾವಿರ. ಒಟ್ಟು ಒಂದು ಲಕ್ಷ. ಅಪ್ಪನ ಲೆಕ್ಕದಲ್ಲಿ ಹತ್ತು ಮೂಟೆ, ಅಂದರೆ ಅರ್ಧ ಟನ್ ಚೆರಿ. ಕನ್ನಡದಲ್ಲಿ ಈಗ ವರ್ಷಕ್ಕೆ 200ಕ್ಕೂ ಹೆಚ್ಚು ಸಿನಿಮಾ ಬಿಡುಗಡೆಯಾಗುತ್ತವೆ. ಹೆಚ್ಚಿನವು ಎರಡನೇ ಶುಕ್ರವಾರದ ಮುಖ ನೋಡುವುದಿಲ್ಲ. ಆದರೆ ಆಡಿಷನ್ ಮಾಡುವವರ ಅಂಗಡಿಗೆ ಮಾತ್ರ ದಿನವೂ ಹೌಸ್‌ಫುಲ್.

ಅಲ್ಲಿ ಒಬ್ಬ ಕೋ-ಆರ್ಡಿನೇಟರ್ ಸಿಕ್ಕಿದನಂತೆ. ಹುಡುಗ ಕಲಿತು ಹೋಗಿದ್ದ ಡೈಲಾಗ್ ಶುರು ಮಾಡುವ ಮೊದಲೇ ಕೈ ಎತ್ತಿ ನಿಲ್ಲಿಸಿದ.

"ಯಾವೂರು?"

"ಕೊಡಗು ಸಾರ್."

"ಓ, ಕೂರ್ಗಾ! ಹೋಮ್‌ಸ್ಟೇ ಇದೆಯಾ?"

ಬೆಂಗಳೂರಿನಲ್ಲಿ ಕೊಡಗಿನವನು ಅಂದರೆ ಯಾರೂ ನಿನಗೇನು ಬರುತ್ತೆ ಅಂತ ಕೇಳಲ್ಲ, ನಿಮ್ಮಲ್ಲೇನು ಸಿಗುತ್ತೆ ಅಂತ ಕೇಳುತ್ತಾರೆ. ಹೋಮ್‌ಸ್ಟೇ, ಜೇನು, ಕಾಳುಮೆಣಸು, ಮನೆಯಲ್ಲಿ ಮಾಡಿದ ವೈನ್. ಮನೆಯಲ್ಲಿ ಕೋವಿ ಇರಬೇಕಲ್ಲ ಅನ್ನುತ್ತಾರೆ. ಕೊಡಗಿನವರೆಲ್ಲ ಕೊಡವರು, ಕೊಡವರೆಲ್ಲ ದಿನವೂ ಅವರ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಹಾಕಿಕೊಂಡೇ ತೋಟಕ್ಕೆ ಹೋಗುತ್ತಾರೆ ಅಂತ ಅವರ ನಂಬಿಕೆ. ನಮ್ಮ ಹುಡುಗನ ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಭಾಷೆಯಿಲ್ಲ. ಆದರೂ "ಸ್ವಲ್ಪ ಕೊಡವ ಸ್ಟೈಲಲ್ಲಿ ಕನ್ನಡ ಮಾತಾಡು" ಅಂತ ಮೂರು ಕಡೆ ಕೇಳಿದರಂತೆ. ಬರಲ್ಲ ಅಂದಿದ್ದಕ್ಕೆ ನ್ಯಾಚುರಲ್ ಆಗಿಲ್ಲ ಅಂತ ಕಳಿಸಿದರಂತೆ.

ಕೋ-ಆರ್ಡಿನೇಟರ್ ಮಾತ್ರ ಪಾತ್ರ ಕೊಡಿಸುವ ಮಾತು ಕೊಟ್ಟ. ಕೊಟ್ಟು, ನಾಲ್ಕು ಸ್ನೇಹಿತರ ಜೊತೆ ಶನಿವಾರ ಊರಿಗೇ ಬಂದಿಳಿದ. ಹಂದಿ ಮಾಂಸದ ಪಂದಿಕರಿ, ಅದರ ಜೊತೆ ಅಕ್ಕಿ ಉಂಡೆ ಕಡಂಬುಟ್ಟು ಬೇಕೇ ಬೇಕು ಅಂದ. ಈ ಮನೆಯಲ್ಲಿ ಕೋಳಿ ಮಾಡುವುದೂ ಹಬ್ಬಕ್ಕೆ ಮಾತ್ರ. ಅಪ್ಪ ಟಾರ್ಚ್ ಹಿಡಿದು ಪಕ್ಕದ ಎಸ್ಟೇಟಿನ ಕೊಡವರ ಮನೆಗೆ ಹೋಗಿ, ಸಂಕೋಚಪಟ್ಟುಕೊಂಡು ಪಾತ್ರೆಯಲ್ಲಿ ತಂದರು. ಎರಡು ದಿನ ಉಂಡರು, ಮಲಗಿದರು, ರಾಜಾಸೀಟಿನಲ್ಲಿ ಫೋಟೋ ತೆಗೆಸಿಕೊಂಡರು. ಹೊರಡುವಾಗ ಎರಡು ಕೆಜಿ ಕಾಫಿಪುಡಿ, ಒಂದು ಬಾಟಲಿ ಜೇನು ಡಿಕ್ಕಿಗೆ ಹೋಯಿತು. "ಹುಡುಗನ ಕಣ್ಣಲ್ಲಿ ಫೈರ್ ಇದೆ" ಅಂದ ಕೋ-ಆರ್ಡಿನೇಟರ್.

"ನಿದ್ದೆಗೆಟ್ಟು ಕೆಂಪಾಗಿರೋದು ಅದು" ಅಂದರು ಅಮ್ಮ, ಪಾತ್ರೆ ತೊಳೆಯುತ್ತಾ.

ಮಳೆಗಾಲ ಹೋಯಿತು, ಸುಗ್ಗಿ ಹಬ್ಬ ಹುತ್ತರಿಯೂ ಹೋಯಿತು. ಬಸ್ ಸ್ಟಾಪಿನ ಫ್ಲೆಕ್ಸನ್ನು ಯಾರೂ ಕಿತ್ತಿರಲಿಲ್ಲ. ಕೊನೆಗೆ ಅಪ್ಪನೇ ಬಿಚ್ಚಿ ಮನೆಗೆ ತಂದರು. ಜನವರಿಯಲ್ಲಿ ಕಣದಲ್ಲಿ ಚೆರಿ ಒಣಗುವಾಗ ರಾತ್ರಿ ಇಬ್ಬನಿ ಬೀಳುತ್ತದಲ್ಲ, ಅದರ ಮೇಲೆ ಹೊದಿಸಿದರು. ಒಳ್ಳೆ ಗಟ್ಟಿ ಫ್ಲೆಕ್ಸು. ಹುಡುಗ ಮಕಾಡೆ, ಬೆಂಕಿ ಮಕಾಡೆ, 17 ಜನ ಶುಭ ಕೋರುವವರೂ ಮಕಾಡೆ. ಒಂದು ಹನಿ ಒಳಗೆ ಹೋಗಲಿಲ್ಲ. ಆ ಪುಣ್ಯಾತ್ಮರಿಂದ ಈ ಮನೆಗೆ ಆದ ಉಪಕಾರ ಅದೊಂದೇ.

ಈ ಮಾರ್ಚ್‌ನಲ್ಲಿ ಊರಿಗೆ ಶೂಟಿಂಗ್ ಬಂತು. ಮಳೆ ಹಾಡಂತೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ಆ ಮಳೆ ಇವರಿಗೆ ಆಗಲ್ಲ. ನಿಜವಾದ ಮಳೆ ಕ್ಯಾಮೆರಾಕ್ಕೆ ಸರಿಯಾಗಿ ಕಾಣುವುದಿಲ್ಲವಂತೆ. ಹನಿ ದಪ್ಪ ಬೇಕು, ಹಿಂದಿನಿಂದ ಲೈಟ್ ಬೇಕು, "ಕಟ್" ಅಂದಾಗ ನಿಲ್ಲಬೇಕು. ಅದಕ್ಕೇ ಸುಡು ಬಿಸಿಲಿನಲ್ಲಿ ಬಂದು, ಕೆರೆಗೆ ಪಂಪ್ ಇಟ್ಟು, ಪೈಪಿನಲ್ಲಿ ಮಳೆ ಸುರಿಸುತ್ತಾರೆ. ಮಾರ್ಚ್ ಅಂದರೆ ನಮಗೂ ಪೈಪಿನ ಕಾಲವೇ. ರೊಬಸ್ಟಾ ಮೊಗ್ಗು ಹೂವಾಗಬೇಕಾದರೆ ಒಂದು ಒಳ್ಳೆ ಮಳೆ ಬೀಳಬೇಕು, ಇಲ್ಲದಿದ್ದರೆ ಸ್ಪ್ರಿಂಕ್ಲರ್ ಇಟ್ಟು ನಾವೇ ಬೀಳಿಸಬೇಕು. ಆ ಪೈಪುಗಳನ್ನು ಹೊತ್ತು ಜಾಗದಿಂದ ಜಾಗಕ್ಕೆ ಬದಲಾಯಿಸುವುದಿದೆಯಲ್ಲ, ಭುಜ ಕಿತ್ತು ಬರುತ್ತದೆ. ಹುಡುಗ ಹೋದ ವರ್ಷ ಸರಿಯಾಗಿ ಆ ವಾರವೇ ಬೆಂಗಳೂರಿಗೆ ಟಿಕೆಟ್ ಬುಕ್ ಮಾಡಿದ್ದು ಕಾಕತಾಳೀಯ ಇರಬಹುದು.

ನಾವೆಲ್ಲ ಬೇಲಿ ಆಚೆ ನಿಂತು ನೋಡುತ್ತಿದ್ದೆವು. ಎಸ್ಟೇಟ್ ರಸ್ತೆಯಲ್ಲಿ ನಾಯಕಿ ನೆನೆಯುತ್ತಿದ್ದಳು. ಕಬ್ಬಿಣದ ಏಣಿಯ ಮೇಲೆ ಒಬ್ಬ ಭುಜಕ್ಕೆ ದಪ್ಪ ಪೈಪ್ ಒತ್ತಿಕೊಂಡು ಮಳೆ ಸುರಿಸುತ್ತಿದ್ದ. ಪೈಪ್ ಹಿಡಿಯುವ ಶೈಲಿ ನೋಡಿಯೇ ಅಪ್ಪನಿಗೆ ಗೊತ್ತಾಯಿತು. ಏಳನೇ ಕ್ಲಾಸಿನಿಂದ ಅವರೇ ಕಲಿಸಿದ್ದು. ಬೇಲಿಯ ಈಚೆ ಅವರದ್ದೇ ತೋಟ. ಅವರ ಕೆರೆ ಬತ್ತಿ ಹದಿನೈದು ದಿನವಾಗಿತ್ತು, ಮೊಗ್ಗು ಗಿಡದಲ್ಲೇ ಕಾಯುತ್ತಾ ಕೂತಿದ್ದವು.

ಅಪ್ಪ ಎರಡೂ ಕೈ ಬಾಯಿಗೆ ಇಟ್ಟುಕೊಂಡು ಕೂಗಿದರು.

"ಮಗಾ, ಒಂದು ನಾಲ್ಕಡಿ ಈ ಕಡೆ ತಿರುಗಿಸೋ! ಹತ್ತು ಗಿಡಕ್ಕಾದ್ರೂ ಆಗ್ಲಿ!"

ಸೆಟ್ಟಿನಲ್ಲಿ ಎಲ್ಲರೂ ನಮ್ಮ ಕಡೆ ತಿರುಗಿದರು. ಡೈರೆಕ್ಟರ್ ಮೈಕಿನಲ್ಲಿ "ಕಟ್, ಕಟ್" ಅಂದ. ಹುಡುಗ ಒಮ್ಮೆ ಡೈರೆಕ್ಟರನ್ನು ನೋಡಿದ, ಒಮ್ಮೆ ಅಪ್ಪನನ್ನು ನೋಡಿದ. ಆಮೇಲೆ ಮೆಲ್ಲಗೆ ಪೈಪು ತಿರುಗಿಸಿದ.